ಜಲಜಕ್ಕನ ಮೂರನೇ ಹೊಲಿಗೆ ಮಿಷಿನ್

ಹೊಲಿಗೆ ಮಿಷಿನ್ನಿಗೆ ಮಲ್ಲಿಗೆ ಹಾರ ಹಾಕಿದ್ದನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಹಾಕಿಸಿದವನೂ ನಾನೇ.

ಕಳೆದ ಶನಿವಾರ ಹಾಲಾಡಿ ಹತ್ತಿರದ ಶಾಲೆಯೊಂದರಲ್ಲಿ ಕುಂದಾಪುರದ ನಮ್ಮ ಸೇವಾ ಸಂಘದ ಸವಲತ್ತು ವಿತರಣೆ. ನಾನು ಸಂಘದ ಕಾರ್ಯದರ್ಶಿ (ಬೇರೆ ಯಾರೂ ಒಪ್ಪಲಿಲ್ಲ). ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು. ಆಮೇಲೆ ಅಷ್ಟೂ ಮಕ್ಕಳಿಗೆ ಶನಿವಾರದ ಬಣ್ಣದ ಯೂನಿಫಾರ್ಮ್, ಉಚಿತ. ಅದರ ಬೆನ್ನಿಗೇ ಸ್ವಉದ್ಯೋಗಕ್ಕಾಗಿ ಊರಿನ ಟೈಲರ್ ಜಲಜಕ್ಕನಿಗೆ ಹೊಲಿಗೆ ಮಿಷಿನ್, ಅದೂ ಉಚಿತ. ಕೊನೆಗೆ ಉಪ್ಪಿಟ್ಟು.

ಎಲ್ಲವೂ ಸುಸೂತ್ರವಾಗಿತ್ತು, ಫಲಾನುಭವಿಗಳ ಪರವಾಗಿ ಎರಡು ಮಾತು ಎಂದು ನಾನು ಜಲಜಕ್ಕನ ಕೈಗೆ ಮೈಕ್ ಕೊಡುವವರೆಗೆ.

“ಮಿಷಿನ್ ಕೊಟ್ರಿ, ಉಪಕಾರ ಆಯ್ತ್. ಆರೆ ನನ್ನತ್ರ ಆಗ್ಳೇ ಎರಡ್ ಇತ್ತ್. ನಂಗೆ ಹೊಲುಕೆ ಇಪ್ಪುದೇ ಈ ಮಕ್ಕಳ ಅಂಗಿ. ಅದನ್ ನೀವ್ ಪೇಟೆಯಿಂದ ತಂದ್ ಕೊಟ್ರಿ. ಇನ್ ಈ ಮೂರನೇ ಮಿಷಿನಲ್ಲಿ ನಾನ್ ಎಂತ ಹೊಲುದ್?”

ಸಭೆ ಚಪ್ಪಾಳೆ ತಟ್ಟಿತು. (ಮೈಕ್ ಹಿಡಿದವರು ಏನು ಹೇಳಿದರೂ ನಮ್ಮಲ್ಲಿ ಚಪ್ಪಾಳೆ ಗ್ಯಾರಂಟಿ.) ಅಧ್ಯಕ್ಷರೂ ತಟ್ಟಿದರು. ನನಗೆ ಮಾತ್ರ ಕೈ ಏಳಲಿಲ್ಲ.

ಯಾಕೆ ಅಂದಿರಾ? ಬಡ ದೇಶಗಳ ಉದ್ಧಾರದ ಬಗ್ಗೆ ಇದೇ ಅಂಕಣದಲ್ಲಿ ನಾನು ಎಷ್ಟು ಸಲ ಬರೆದಿಲ್ಲ? ನೆರವು ಬೇಡ, ವ್ಯಾಪಾರ ಬೇಕು. ಬಾಗಿಲು ತೆರೆಯಿರಿ, ಸ್ಪರ್ಧೆ ಬರಲಿ. ಶ್ರೀಮಂತ ದೇಶಗಳ ಹಳೇ ಬಟ್ಟೆಯ ಮೂಟೆ ಬಂದಿಳಿದು ಆಫ್ರಿಕಾದ ದರ್ಜಿಗಳ ಕೆಲಸ ಹೋಯಿತು ಎಂದು ಮರುಗಿದ್ದೆ. ಆಫ್ರಿಕಾಕ್ಕೆ ಸಲಹೆಯನ್ನೂ ಕೊಟ್ಟಿದ್ದೆ (ಅವರಿಂದ ಇನ್ನೂ ಉತ್ತರ ಬಂದಿಲ್ಲ). ಹಾಲಾಡಿಯಲ್ಲಿ ಮೂಟೆ ಇಳಿಸಿದ್ದು ಯಾರು? ಸಾಕ್ಷಾತ್ ಈ ಅರ್ಥಶಾಸ್ತ್ರಜ್ಞ.

ಉಪ್ಪಿಟ್ಟಿನ ಹೊತ್ತಿಗೆ ಸಮಜಾಯಿಷಿ ಕೊಡಲು ಹೋದೆ. ಪ್ರತಿ ವರ್ಷ ಹೆತ್ತವರು ಆ ಅಂಗಿ ಹೊಲಿಸುತ್ತಿದ್ದದ್ದು ಜಲಜಕ್ಕನ ಹತ್ತಿರವಂತೆ. ಆಷಾಢದಲ್ಲಿ ಮದುವೆಯಿಲ್ಲ, ರವಿಕೆ ಹೊಲಿಸುವವರಿಲ್ಲ. ಅವರನ್ನೂ ಅವರ ಜೊತೆ ದುಡಿಯುವ ಇಬ್ಬರು ಹೆಂಗಸರನ್ನೂ ಮಳೆಗಾಲ ದಾಟಿಸುತ್ತಿದ್ದದ್ದು ಆ ಅಂಗಿಗಳೇ. ಈ ಸಲ ಒಬ್ಬಾಕೆಗೆ ಬರಬೇಡ ಅಂದಾಗಿದೆ. ಇನ್ನೊಬ್ಬಾಕೆಗೆ ಹೇಳಲು ಬಾಯಿ ಬರುತ್ತಿಲ್ಲ.

ನಾನು ಗಂಟಲು ಸರಿ ಮಾಡಿಕೊಂಡು ನಿಯಮ ವಿವರಿಸಿದೆ. ಮೂರು ಕೊಟೇಶನ್ ತರಿಸಿದ್ದೆವು, ಎಲ್ಲಕ್ಕಿಂತ ಕಡಿಮೆಯದ್ದನ್ನು ಒಪ್ಪಿದೆವು, ಮಾರುಕಟ್ಟೆ ಅಂದರೆ ಮಾರುಕಟ್ಟೆ. ಜಲಜಕ್ಕ ಸಿಟ್ಟಾಗಲಿಲ್ಲ.

“ನನ್ ರೇಟ್ ಜಾಸ್ತಿ ಆರೆ ಬಿಡಿ ಮಾರ್ರೆ, ಬೇಜಾರಿಲ್ಲ. ನನ್ನತ್ರ ಒಂದ್ ಮಾತ್ ಕೇಂಬುಕಾಗ್ದಾ?”

ಕೇಳಬಹುದಿತ್ತು. ಯಾಕೆ ಕೇಳಲಿಲ್ಲ? ಮನೆಗೆ ಬಂದು ಫೈಲು ತೆರೆದೆ. ಅವರ ಹೆಸರು ಫಲಾನುಭವಿಗಳ ಪಟ್ಟಿಯಲ್ಲಿತ್ತು. ಆ ಪಟ್ಟಿ ಸೇರಿದವರು ಕೊಟೇಶನ್ ಪಟ್ಟಿಗೆ ಬರುವುದುಂಟೇ? ಅವರು ಕೈ ಚಾಚುವವರು ಎಂದು ನಾವು ಮೊದಲೇ ತೀರ್ಮಾನಿಸಿ ಆಗಿತ್ತು. ಅವರ ಹತ್ತಿರವೂ ಮಾರುವುದಕ್ಕೆ ಏನೋ ಇದೆ ಎಂದು ಹೊಳೆಯಲೇ ಇಲ್ಲ. ಮುಕ್ತ ವ್ಯಾಪಾರವನ್ನು ನಾನು ಓದಿಕೊಂಡಿದ್ದೆ, ಅಷ್ಟೇ. ಸೋತರೂ ಬೇಜಾರಿಲ್ಲ ಎನ್ನುವಷ್ಟು ನಂಬಿದ್ದವರು ಜಲಜಕ್ಕ.

(ಹಾಗೆ ಸೋತರೆ ಆ ಇಬ್ಬರು ಹೆಂಗಸರು ಏನು ಮಾಡಬೇಕು? ನಾನು ಓದಿದ ಪುಸ್ತಕಗಳು ಆ ಪುಟಕ್ಕೆ ಬರುವಾಗ ಬೇಗ ಮುಗಿದುಬಿಡುತ್ತವೆ.)

ಮೊನ್ನೆ ಕಮಿಟಿ ಮೀಟಿಂಗಿನಲ್ಲಿ ಪ್ರಸ್ತಾಪ ಇಟ್ಟೆ. ಕೊಕ್ಕರ್ಣೆ ಕಡೆಯ ಇನ್ನೊಂದು ಶಾಲೆಯ ಯೂನಿಫಾರ್ಮ್ ಬಾಕಿ ಇದೆ, ಅದಕ್ಕೆ ಜಲಜಕ್ಕನ ರೇಟನ್ನೂ ನೋಡೋಣ. ಅವರು ಬರೆದುಕೊಟ್ಟ ಚೀಟಿಯನ್ನು ಓದಿದೆ. ಹೋಲ್‌ಸೇಲಿಗಿಂತ ತುಸು ಹೆಚ್ಚು. ಆದರೆ ಮಕ್ಕಳ ಅಳತೆ ತೆಗೆದು ಹೊಲಿಯುತ್ತಾರೆ. ಹಾಲಾಡಿಯಲ್ಲಿ ನಾವು ಹಂಚಿದ ಅಂಗಿಗಳು ಎರಡನೇ ಕ್ಲಾಸಿನವರಿಗೆ ಮೊಣಕಾಲಿನವರೆಗೆ ಬಂದದ್ದನ್ನು ಎಲ್ಲರೂ ಕಂಡಿದ್ದರು. ಖಜಾಂಚಿಯವರು ಒಪ್ಪಿದರು. ಆರ್ಡರ್ ಜಲಜಕ್ಕನಿಗೆ. ಮನೆಗೆ ಹೋದಾಕೆಯನ್ನು ವಾಪಸು ಕರೆಸುತ್ತಾರಂತೆ. ಮಿಷಿನ್ನನ್ನೂ ಇಟ್ಟುಕೊಳ್ಳುತ್ತಾರಂತೆ, ಈಗ ಅದಕ್ಕೆ ಕೆಲಸ ಉಂಟಲ್ಲ.

ಎಲ್ಲರಿಗೂ ಸಂತೋಷ, ಅಧ್ಯಕ್ಷರೊಬ್ಬರನ್ನು ಬಿಟ್ಟು. ಅವರು ನಿಜವಾಗಿಯೂ ಒಳ್ಳೆಯ ಮನುಷ್ಯ, ಕೇಳಿದ್ದೂ ನಿಜವಾದ ಸಂಕಟದಿಂದ:

“ಹೀಂಗೆ ಎಲ್ರೂ ದುಡ್ಕಂಡ್ ತಿಂಬುಕ್ ಹೊರಟ್ರೆ, ನಾವ್ ಸಹಾಯ ಮಾಡುದ್ ಯಾರಿಗೆ ಮಾರ್ರೆ?”