ಭಾರ ಬಿಡುವುದು

ಗುಬ್ಬಿಯಿಂದ ತುಮಕೂರಿಗೆ ಹೋಗುವ ಬಸ್ಸಿನಲ್ಲಿ ನನ್ನ ಬಲಗಾಲಿನ ಚಪ್ಪಲಿ ಕಳಚಿ ಬಿದ್ದದ್ದು ನನಗೆ ಗೊತ್ತಾಗಲಿಲ್ಲ. ಬಾಗಿಲ ಹತ್ತಿರ ಸೊಪ್ಪಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸೊಬ್ಬಳು ಅದನ್ನು ಎತ್ತಿ ತೋರಿಸಿದಳು. "ಏನವ್ವಾ, ಕಾಲ್ ಮೇಲೆ ಗ್ಯಾನ ಇಲ್ವಾ? ಚಪ್ಲಿ ಬುಟ್ಟು ಹೋಯ್ತಾ ಇದೀಯಲ್ಲ."

ಸುತ್ತ ಇದ್ದವರು ನಕ್ಕರು. ನಾನೂ ನಕ್ಕೆ. ಚಪ್ಪಲಿ ಹಾಕಿಕೊಂಡೆ. ಹಾಕಿಕೊಂಡದ್ದೂ ಸರಿಯಾಗಿ ತಿಳಿಯಲಿಲ್ಲ. ದಪ್ಪ ಸಾಕ್ಸ್ ಹಾಕಿದ ಕಾಲನ್ನು ತುರುಕಿದ ಹಾಗಿತ್ತು.

ನಾನು ಸಾಕ್ಸ್ ಹಾಕಿರಲಿಲ್ಲ.

ಅದಕ್ಕೆ ಸ್ವಲ್ಪ ದಿನ ಮುಂಚೆ ಹೊಟ್ಟೆ ಕೆಟ್ಟು ಮಲಗಿದ್ದೆ. ಅದರ ನಿಶ್ಶಕ್ತಿ ಇರಬೇಕು ಅಂದುಕೊಂಡೆ. ಪ್ರಾಕ್ಟೀಸ್ ತಪ್ಪಿಸುವ ಯೋಚನೆ ಬರಲೇ ಇಲ್ಲ. ಟೌನ್‌ಹಾಲ್‌ನಲ್ಲಿ ನಮ್ಮ ಹೊಸ ಪ್ರದರ್ಶನ ಹತ್ತಿರ ಬರುತ್ತಿತ್ತು.

ನಮ್ಮದು ಚಿಕ್ಕ ತಂಡ. ಬೆಂಗಳೂರಿನಲ್ಲಿ ಕಾಂಟೆಂಪರರಿ ನೃತ್ಯ ಕಲಿತು ಊರಿಗೆ ವಾಪಸ್ ಬಂದ ಕುಮಾರಣ್ಣ ತೊಂಬತ್ತರ ದಶಕದ ಕೊನೆಯಲ್ಲಿ ಕಟ್ಟಿದ್ದು. ತುಮಕೂರು, ಗುಬ್ಬಿ, ಕುಣಿಗಲ್‌ನ ಹುಡುಗ ಹುಡುಗಿಯರು. ಕಾಲೇಜು ಮುಗಿಸಿದವರು, ಮುಗಿಸದವರು, ವಸಂತನರಸಾಪುರದ ಫ್ಯಾಕ್ಟರಿಯಿಂದ ಶಿಫ್ಟ್ ಬಿಟ್ಟು ನೇರ ಬರುವವರು. ಮಂಡಿಪೇಟೆಯ ಒಂದು ಕೊಬ್ಬರಿ ಗೋಡೌನಿನ ಮೇಲಿನ ಹಾಲ್ ನಮ್ಮ ಜಾಗ. ಕೆಂಪು ಗಾರೆ ನೆಲ, ಕೆಳಗಿನಿಂದ ಬರುವ ಕೊಬ್ಬರಿ ವಾಸನೆ. ಮನೆಗೆ ಹೋದ ಮೇಲೂ ನಮ್ಮ ಕೂದಲಿನಲ್ಲಿ ಆ ವಾಸನೆ ಇರುತ್ತಿತ್ತು.

ಅಮ್ಮನಿಗೆ ಈ ನೃತ್ಯ ಕೊನೆಗೂ ಅರ್ಥವಾಗಲಿಲ್ಲ. "ಗೆಜ್ಜೆ ಇಲ್ಲ, ಹಾಡಿಲ್ಲ, ಒಂದ್ ಒಳ್ಳೆ ಸೀರೆ ಇಲ್ಲ. ನೆಲದ್ ಮೇಲೆ ದಬಾಕ್ಕೊಳ್ಳೋದ್ ಕಲಿಯಕ್ಕೆ ತುಮಕೂರಿಗ್ ಹೋಗ್ಬೇಕೇನೇ ಶೈಲಾ? ಮನೇಲೇ ಬೀಳ್ಬೋದಿತ್ತಲ್ಲ" ಎನ್ನುತ್ತಿದ್ದಳು.

ಬೀಳುವುದು ನಿಜವಾಗಿಯೂ ನಮ್ಮ ಪಾಠವಾಗಿತ್ತು. ಪ್ರತಿ ಸಂಜೆ ಶುರುವಾಗುತ್ತಿದ್ದದ್ದು ಒಂದೇ ಕೆಲಸದಿಂದ. ಒಬ್ಬರು ಅಂಗಾತ ಮಲಗಬೇಕು. ಜೊತೆಗಾರ ಪಕ್ಕದಲ್ಲಿ ಕೂತು ಅವರ ಕೈಯನ್ನು ನಿಧಾನ ಎತ್ತಬೇಕು. ಮಲಗಿದವರು ಕೈಯ ಪೂರ್ತಿ ಭಾರವನ್ನು ಅವನಿಗೆ ಬಿಟ್ಟುಬಿಡಬೇಕು. ಹೇಳುವುದಕ್ಕೆ ಸುಲಭ. ಆದರೆ ಯಾರಾದರೂ ಎತ್ತಿದರೆ ಕೈ ತಾನಾಗಿಯೇ ಸ್ವಲ್ಪ ಮೇಲೇಳುತ್ತದೆ, ಸಹಾಯ ಮಾಡಲು ಹೋಗುತ್ತದೆ. ಹಾಗೆ ಮಾಡಿದರೆ ಜೊತೆಗಾರ ಹಿಡಿದು ಹಾಕುತ್ತಿದ್ದ. "ಕಳ್ಳಿ, ಸಹಾಯ ಮಾಡ್ತಿದೀಯ." ಇದನ್ನು ನಾವು ಭಾರ ಬಿಡುವುದು ಎನ್ನುತ್ತಿದ್ದೆವು. ಭಾರ ಬಿಡಲು ಬಾರದವರನ್ನು ಕುಮಾರಣ್ಣ ಯಾವ ಲಿಫ್ಟಿಗೂ, ಅಂದರೆ ಒಬ್ಬರನ್ನೊಬ್ಬರು ಎತ್ತಿ ಕುಣಿಯುವ ಭಾಗಕ್ಕೂ, ಹಾಕುತ್ತಿರಲಿಲ್ಲ.

ನಾನು ಇದರಲ್ಲಿ ಎಲ್ಲರಿಗಿಂತ ಚೆನ್ನಾಗಿದ್ದೆ. ಇದನ್ನು ಈಗ ಹೇಳಿಕೊಳ್ಳಬಹುದು ಅನ್ನಿಸುತ್ತದೆ.

ನನ್ನ ಜೊತೆಗಾರ ಇರ್ಫಾನ್. ಕುಣಿಗಲ್‌ನವನು. ಅವರದು ಬಳೆ ಅಂಗಡಿ. ಅವನ ಅಪ್ಪ ಬಳೆ ತೊಡಿಸುವಾಗ ಹೆಂಗಸರಿಗೆ "ಕೈ ಸಡ್ಲ ಬಿಡಮ್ಮ, ಇನ್ನೂ ಸಡ್ಲ" ಎನ್ನುತ್ತಾರಂತೆ. ಅದನ್ನು ಕೇಳಿಕೊಂಡೇ ಬೆಳೆದವನು. ಅದಕ್ಕೇ ಇರಬೇಕು, ಅವನ ಕೈಗೆ ಕೈ ಕೊಟ್ಟರೆ ಅದು ನನ್ನದು ಎನ್ನುವುದೇ ಮರೆತುಹೋಗುತ್ತಿತ್ತು. ಈ ಬರಹದಲ್ಲಿ ನಾನು ಯಾವುದಕ್ಕಾದರೂ ಹಂಬಲಿಸುತ್ತಿದ್ದರೆ ಆ ಮರೆವಿಗೆ. ಚಪ್ಪಾಳೆಗಲ್ಲ.

ಚಪ್ಪಲಿ ಬಿದ್ದ ಮಾರನೆಯ ದಿನ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿದುಕೊಂಡೆ. ಆ ಸಂಜೆ ಇಂಪ್ರೊ ಇತ್ತು. ಅಂದರೆ ಮೊದಲೇ ಏನೂ ಗೊತ್ತುಮಾಡಿಕೊಳ್ಳದೆ ಅಲ್ಲಲ್ಲೇ ಹುಟ್ಟಿಸಿಕೊಂಡು ಕುಣಿಯುವುದು. ಅದಕ್ಕೆ ಕುಮಾರಣ್ಣನ ನಿಯಮ ಒಂದೇ: ಶುರುವಾದ ಮೇಲೆ ಯಾರೂ ನಿಲ್ಲಿಸಬಾರದು. ಒಬ್ಬರು ಏನು ಮಾಡಿದರೂ ಅದು ನೃತ್ಯವೇ. ಉಳಿದವರು ಅದನ್ನು ಎತ್ತಿಕೊಂಡು ಮುಂದುವರಿಸಬೇಕು. ಒಬ್ಬ ಸೀನಿದರೆ ಹಾಲ್ ತುಂಬ ಸೀನು ಹರಿದಾಡುತ್ತಿತ್ತು.

ತಿರುಗುತ್ತಿದ್ದೆ. ಎರಡೂ ಮೊಣಕಾಲು ಒಟ್ಟಿಗೆ ಮಡಚಿಕೊಂಡವು. ಬಿದ್ದೆ.

ಉಳಿದವರೂ ಬಿದ್ದರು.

ಒಬ್ಬೊಬ್ಬರಾಗಿ, ಥೇಟ್ ನನ್ನ ಹಾಗೆಯೇ, ಮೊಣಕಾಲು ಮಡಚಿ, ಭುಜ ಹೊರಳಿಸಿ. ಎಷ್ಟು ಚೆನ್ನಾಗಿ ಬಿದ್ದರು ಎಂದರೆ ಆ ಭಯದಲ್ಲೂ ಅದು ನನ್ನ ಕಣ್ಣಿಗೆ ಬಿತ್ತು. ಏಳಲು ನೋಡಿದೆ. ಕಾಲು ನನ್ನ ಮಾತು ಕೇಳಲಿಲ್ಲ.

"ಏಳಕ್ಕಾಗ್ತಿಲ್ಲ" ಎಂದೆ.

"ಏಳಕ್ಕಾಗ್ತಿಲ್ಲ" ಎಂದಳು ಆ ಕಡೆ ಬಿದ್ದಿದ್ದ ಲತಾ. ಇನ್ನೊಂದು ಮೂಲೆಯಿಂದ ಇನ್ನೊಬ್ಬರು. ಆಮೇಲೆ ಎಲ್ಲರೂ.

"ಇಲ್ಲ ಕಣ್ರೇ, ನಿಜವಾಗ್ಲೂ!"

"ನಿಜವಾಗ್ಲೂ... ನಿಜವಾಗ್ಲೂ..." ಎಂದಿತು ಹಾಲ್.

"ಸೂಪರ್! ಹಿಡ್ಕೊಳ್ಳಿ, ಬಿಡ್ಬೇಡಿ ಅದನ್ನ!" ಕುಮಾರಣ್ಣ ಕಿಟಕಿಯ ಹತ್ತಿರದಿಂದ ಕೂಗಿದರು.

ಇರ್ಫಾನ್ ತೆವಳಿಕೊಂಡು ಬಂದು ನನ್ನ ಕಾಲನ್ನು ಎತ್ತಿದ. ಬಿಟ್ಟ. ಮತ್ತೆ ಎತ್ತಿದ. "ಎಷ್ಟ್ ಚೆನ್ನಾಗ್ ಭಾರ ಬಿಟ್ಟಿದೀಯ" ಎಂದು ಪಿಸುಗುಟ್ಟಿದ. ಆಮೇಲೆ ನನ್ನ ಮುಖ ನೋಡಿದ.

"ಲೋ, ನಿಲ್ಸ್ರೋ!"

ಅದನ್ನೂ ಯಾರೋ ಎತ್ತಿಕೊಂಡು ಹಾಡಿದರು. ನಿಲ್ಲಲು ಸ್ವಲ್ಪ ಹೊತ್ತು ಬೇಕಾಯಿತು.

ಯಾರನ್ನೂ ದೂರುತ್ತಿಲ್ಲ. ನಾನು ಅವರ ಜಾಗದಲ್ಲಿದ್ದರೂ ಬೀಳುತ್ತಿದ್ದೆ, ಅದೇ ಮಾತು ಆಡುತ್ತಿದ್ದೆ. ಆದರೂ ಆ ಹೊತ್ತು ಈಗಲೂ ಹಿಂದಿರುಗಿ ಬರುತ್ತದೆ. ಪಾತ್ರೆ ತೊಳೆಯುವಾಗ ಬರುತ್ತದೆ. ಬಸ್ಸಿಗೆ ಕಾಯುವಾಗ ಬರುತ್ತದೆ. ನನ್ನ ಸುತ್ತ ನನ್ನನ್ನು ಪ್ರೀತಿಸುವವರೇ ಬಿದ್ದಿದ್ದಾರೆ, ನನ್ನ ಮಾತನ್ನೇ ಆಡುತ್ತಿದ್ದಾರೆ, ಒಬ್ಬರಿಗೂ ಅದು ಕೇಳಿಸುತ್ತಿಲ್ಲ.

ಇರ್ಫಾನ್ ನನ್ನನ್ನು ಹೊತ್ತು ಕೊಬ್ಬರಿ ಮೂಟೆಗಳ ನಡುವೆ ಕೆಳಗಿಳಿಸಿದ. ಹತ್ತಿರದ ಕ್ಲಿನಿಕ್ಕಿನಲ್ಲಿ ಗ್ಲೂಕೋಸ್ ಹಾಕಿ, ನಿಶ್ಶಕ್ತಿ ಎಂದು ಕಳಿಸಿದರು. ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಕಾಫಿ ಲೋಟ ಕೈಯಿಂದ ಜಾರಿತು. ತುಮಕೂರಿನ ಆಸ್ಪತ್ರೆಯವರು ಮೊಣಕಾಲಿಗೆ ಸುತ್ತಿಗೆಯಿಂದ ತಟ್ಟಿ ನೋಡಿ, ಬೆಂಗಳೂರಿಗೆ ಹೊರಡಿ, ಈಗಲೇ ಎಂದರು. ಆಂಬುಲೆನ್ಸಿನಲ್ಲಿ ಅಮ್ಮ ನನ್ನ ಹಣೆಗೆ ವಿಭೂತಿ ಹಚ್ಚಿದಳು. ನೆಲಮಂಗಲ ದಾಟುವಾಗ ಒಂದು ವಾಕ್ಯ ಪೂರ್ತಿ ಹೇಳುವಷ್ಟು ಉಸಿರು ನನ್ನಲ್ಲಿರಲಿಲ್ಲ.

ಗೀಯಾನ್ ಬಾರೆ ಸಿಂಡ್ರೋಮ್. ಜಿಬಿಎಸ್.

"ನರದ ಮೇಲಿನ ಕವಚಕ್ಕೆ ಪೆಟ್ಟು ಬಿದ್ದಿದೆ. ವೈರ್ ಮೇಲಿನ ಪ್ಲಾಸ್ಟಿಕ್ ಸುಲಿದು ಹೋದ ಹಾಗೆ" ಎಂದರು ಡಾಕ್ಟರ್. "ನಿಧಾನವಾಗಿ ಮತ್ತೆ ಬೆಳೆಯುತ್ತೆ. ಎಷ್ಟು ಬೆಳೆಯುತ್ತೆ ಅಂತ ಈಗ ಹೇಳಕ್ಕಾಗಲ್ಲ."

"ಡ್ಯಾನ್ಸ್ ಮಾಡ್ತಾಳೆ ಸಾರ್, ಇವ್ಳು" ಎಂದಳು ಅಮ್ಮ. ಮೊದಲ ಸಲ ಅವಳ ಬಾಯಲ್ಲಿ ಅದು ಡ್ಯಾನ್ಸ್ ಆಗಿತ್ತು.

"ಮೊದ್ಲು ಉಸಿರು ನೋಡೋಣಮ್ಮ."

ಆಮೇಲೆ ಐಸಿಯು, ವೆಂಟಿಲೇಟರ್. ಗಂಟಲಲ್ಲಿ ಟ್ಯೂಬ್, ಸ್ವಲ್ಪ ದಿನದ ಮೇಲೆ ಕತ್ತಿನಲ್ಲೇ ತೂತು ಮಾಡಿ ಟ್ಯೂಬ್ ಇಡುವ ಟ್ರಕಿಯಾಸ್ಟಮಿ. ಪ್ಲಾಸ್ಮಾ ಬದಲಿಸಿದರು. ನನಗೆ ಎಲ್ಲವೂ ಕೇಳಿಸುತ್ತಿತ್ತು. ಕಣ್ಣು ಮಿಟುಕಿಸುವುದೊಂದೇ ಉಳಿದದ್ದು. ಒಂದು ಸಲ ಹೌದು, ಎರಡು ಸಲ ಇಲ್ಲ. ಆದರೆ ಪ್ರಶ್ನೆ ಕೇಳಿದವರಿಗೆ ಮಾತ್ರ ಉತ್ತರ ಕೊಡಬಹುದು. ಬೆನ್ನಿನ ಕೆಳಗೆ ಹಾಸಿಗೆ ಬಟ್ಟೆ ಮಡಚಿಕೊಂಡು ಒತ್ತುತ್ತಿದ್ದರೆ, ಯಾರಾದರೂ ಅದನ್ನೇ ಕೇಳುವವರೆಗೆ ಕಾಯಬೇಕು. ಮಷೀನು ಉಸಿರು ಕೊಡುತ್ತಿತ್ತು, ತೆಗೆದುಕೊಳ್ಳುತ್ತಿತ್ತು. ನಾನು ಪೂರ್ತಿಯಾಗಿ ಭಾರ ಬಿಟ್ಟಿದ್ದೆ. ವರ್ಷಗಟ್ಟಲೆ ಅಭ್ಯಾಸ ಮಾಡಿ ಕಲಿಯಲು ಹೊರಟದ್ದು ಕೇಳದೆಯೇ ಬಂದಿತ್ತು. ಅದರಲ್ಲಿ ಯಾವ ಸುಖವೂ ಇರಲಿಲ್ಲ. ಬಿಡುವುದಕ್ಕೆ ಅರ್ಥ ಬರುವುದು ಹಿಡಿದುಕೊಳ್ಳುವ ಶಕ್ತಿ ಇರುವಾಗ ಮಾತ್ರ ಎಂದು ಆ ಹಾಸಿಗೆಯ ಮೇಲೆ ತಿಳಿಯಿತು.

ಸಂಜೆ ವಿಸಿಟಿಂಗ್ ಹೊತ್ತಿಗೆ ಒಬ್ಬರನ್ನು ಮಾತ್ರ ಒಳಗೆ ಬಿಡುತ್ತಿದ್ದರು. ಮೊದಮೊದಲು ಅಮ್ಮ ಬರುತ್ತಿದ್ದಳು. ಒಂದು ದಿನ ಇರ್ಫಾನ್ ಬಂದ. ಪಕ್ಕದಲ್ಲಿ ನಿಂತು, ಹಾಲ್‌ನಲ್ಲಿ ಮಾಡುತ್ತಿದ್ದ ಹಾಗೆ, ನನ್ನ ಕೈಯನ್ನು ನಿಧಾನ ಎತ್ತಿದ. ಅಷ್ಟೇ ನಿಧಾನ ಕೆಳಗಿಟ್ಟ. ಇನ್ನೊಂದು ಕೈ. ಆಮೇಲೆ ಹೊರಟುಹೋದ.

ಕುಣಿಗಲ್‌ನಿಂದ ಬಸ್ ಹತ್ತಿ ಅವನು ಮತ್ತೆ ಮತ್ತೆ ಬಂದ. ಹೊರಗೆ ಬೆಂಚಿನ ಮೇಲೆ ಕೂತಿದ್ದ ನನ್ನ ದೊಡ್ಡಮ್ಮನಿಗೆ ಅದು ಸರಿಬರಲಿಲ್ಲ. ದೊಡ್ಡಮ್ಮ ಕೇಳಿದ್ದನ್ನೂ ತಾನು ಕೊಟ್ಟ ಉತ್ತರವನ್ನೂ ಆಮೇಲೆ ಅಮ್ಮನೇ ನನಗೆ ಹೇಳಿದಳು.

"ಯಾರೇ ಅವ್ನು, ದಿನಾ ಬಂದ್ ಕೈ ಹಿಡ್ಕೊಂಡ್ ನಿಂತ್ಕೋತಾನೆ?"

"ಬಳೆ ತೊಡ್ಸೋರ್ ಮನೆ ಹುಡ್ಗ ಕಣಕ್ಕ. ಅವ್ರಪ್ಪ ಕುಣಿಗಲ್ ಸೀಮೆ ಹೆಂಗಸರ್ ಕೈಯೆಲ್ಲಾ ಹಿಡ್ದವ್ರೆ. ಇವ್ನ್ ಹಿಡ್ದ್ರೆ ಏನಾಯ್ತು?"

ಅಂದಿನಿಂದ ಅವನು ಬಂದ ದಿನ ಅಮ್ಮ ತನ್ನ ಸರದಿ ಬಿಟ್ಟುಕೊಟ್ಟಳು. "ಹೋಗಪ್ಪ, ನೀನೇ ಎತ್ತು. ನಂಗೆ ಆ ಭಾರ ಗೊತ್ತಾಗಲ್ಲ. ಅಳು ಬರುತ್ತೆ."

ಎಷ್ಟನೆಯ ಸಲವೋ ಗೊತ್ತಿಲ್ಲ. ಬಲಗೈ ಎತ್ತಿದವನು ಅರ್ಧದಲ್ಲಿ ನಿಂತ. ಕೆಳಗಿಟ್ಟ. ಮತ್ತೆ ಎತ್ತಿದ. ಬಗ್ಗಿ ನನ್ನ ಮುಖದ ಹತ್ತಿರ ಬಂದ. ಮಾಸ್ಕಿನ ಮೇಲೆ ಅವನ ಕಣ್ಣು ಮಾತ್ರ ಕಾಣುತ್ತಿತ್ತು.

"ಕಳ್ಳಿ," ಎಂದ. "ಸಹಾಯ ಮಾಡ್ತಿದೀಯ."

ಒಂದು ಸಲ ಕಣ್ಣು ಮಿಟುಕಿಸಿದೆ.

ಅವನು ಸಿಸ್ಟರನ್ನು ಕೂಗಿದ ರೀತಿಗೆ ಬೈಸಿಕೊಂಡ. ಡಾಕ್ಟರ್ ಬಂದು ಪರೀಕ್ಷೆ ಮಾಡಿ, "ಹೌದು, ಸ್ವಲ್ಪ ಇದೆ" ಎಂದರು. ಆ "ಸ್ವಲ್ಪ" ದಿನದಿಂದ ದಿನಕ್ಕೆ ಹೆಚ್ಚಿತು. ವೆಂಟಿಲೇಟರ್ ತೆಗೆದರು. ಕೂರಿಸಿದರು. ಫಿಸಿಯೋಥೆರಪಿಯಲ್ಲಿ ಎರಡು ಸರಳುಗಳ ನಡುವೆ ನಿಲ್ಲಿಸಿದರು. ಮಣಿಕಟ್ಟು ಎಷ್ಟು ಸಣ್ಣಗಾಗಿತ್ತು ಎಂದರೆ, ಇರ್ಫಾನನ ಅಪ್ಪ ಕಳಿಸಿದ ಹಸಿರು ಬಳೆ ಕೈ ಸಡಿಲ ಬಿಡುವ ಅಗತ್ಯವೇ ಇಲ್ಲದೆ ಒಳಗೆ ಹೋಯಿತು, ಹಾಗೆಯೇ ಹೊರಗೂ ಬಂತು.

ಪ್ರದರ್ಶನ ಮುಂದಕ್ಕೆ ಹೋಗಿ, ಕೊನೆಗೆ ನಾನಿಲ್ಲದೆ ನಡೆಯಿತು. ಟೌನ್‌ಹಾಲ್‌ನಲ್ಲಿ ಮುಂದಿನ ಸಾಲಿನ ತುದಿಯಲ್ಲಿ, ವಾಕರ್ ಪಕ್ಕಕ್ಕಿಟ್ಟು ಕೂತು ನೋಡಿದೆ. ನನ್ನ ಜಾಗದಲ್ಲಿ ಲತಾ ಇದ್ದಳು. ಇರ್ಫಾನ್ ಅವಳನ್ನು ಎತ್ತುವ ಕಡೆ ನನ್ನ ಬೆನ್ನು ಕುರ್ಚಿಯಿಂದ ತಾನಾಗಿ ಮುಂದಕ್ಕೆ ಬಂತು. ಲತಾ ಚೆನ್ನಾಗಿ ಮಾಡಿದಳು. ಪಕ್ಕದಲ್ಲಿದ್ದ ಅಮ್ಮ ನನ್ನ ಕಿವಿಯಲ್ಲಿ, "ಅವ್ಳು ಪೂರ್ತಿ ಬಿಡ್ಲಿಲ್ಲ ಕಣೇ, ಕತ್ತು ಬಿಗಿ ಹಿಡ್ದಿದ್ಲು" ಎಂದಳು. ನಾನು ಅಮ್ಮನನ್ನೇ ನೋಡಿದೆ. ಇದನ್ನೆಲ್ಲ ಯಾವಾಗ ಕಲಿತಳೋ.

ಹೋದ ವಾರ ಮತ್ತೆ ಮಂಡಿಪೇಟೆಯ ಮೆಟ್ಟಿಲು ಹತ್ತಿದೆ. ಬಲ ಪಾದ ಇನ್ನೂ ಪೂರ್ತಿ ಎದ್ದಿಲ್ಲ. ಅದನ್ನು ಎತ್ತಿ ಹಿಡಿಯುವ ಸ್ಪ್ಲಿಂಟ್ ಹಾಕಿಕೊಳ್ಳುತ್ತೇನೆ. ಈ ಪಾದ ಇಷ್ಟೇ ಇರಬಹುದು, ಇನ್ನೂ ಸುಧಾರಿಸಬಹುದು ಎನ್ನುತ್ತಾರೆ ಡಾಕ್ಟರ್. ಹಾಲ್‌ನಲ್ಲಿ ಈಗ ಹೊಸ ನಿಯಮವಿದೆ: ಯಾರು ನೆಲವನ್ನು ಅಂಗೈಯಿಂದ ಎರಡು ಸಲ ಬಡಿದರೂ ಎಲ್ಲವೂ ನಿಲ್ಲಬೇಕು, ಯಾರೂ ಅದನ್ನು ಎತ್ತಿಕೊಳ್ಳಬಾರದು. ಕುಮಾರಣ್ಣ ನನಗೆ ಮಾಡಿ ತೋರಿಸಿದರು. ಎಲ್ಲರೂ ಕಲ್ಲಿನ ಹಾಗೆ ನಿಂತರು. ಕೆಳಗೆ ಮೂಟೆ ಎಳೆಯುವ ಸದ್ದು ಮಾತ್ರ ಕೇಳಿಸಿತು.

"ಮಲಕ್ಕೋ ಬಾರೇ" ಎಂದ ಇರ್ಫಾನ್.

ಸ್ಪ್ಲಿಂಟ್ ಬಿಚ್ಚಿ ಗಾರೆ ನೆಲದ ಮೇಲೆ ಅಂಗಾತ ಮಲಗಿದೆ. ನೆಲ ತಣ್ಣಗಿತ್ತು. ಕೊಬ್ಬರಿ ವಾಸನೆ ಬಂತು. ಅವನು ನನ್ನ ಕೈ ಎತ್ತಿದ. ಬಿಡಬೇಕು ಎಂದುಕೊಂಡೆ. ಆಗಲಿಲ್ಲ. ಅವನಿಗಿಂತ ಮೊದಲೇ ಕೈ ಮೇಲೆದ್ದಿತ್ತು.

"ಕಳ್ಳಿ" ಎಂದ.

"ಗೊತ್ತು."

"ಬಿಡು, ನಾನ್ ಹಿಡ್ಕೊಂಡಿದೀನಿ."

"ಗೊತ್ತು ಕಣೋ. ಬಿಡಕ್ಕೆ ಭಯ ಆಗುತ್ತೆ."

ಅವನು ಕೈಯನ್ನು ಕೆಳಗಿಡಲಿಲ್ಲ. ಸುತ್ತ ಉಳಿದವರ ಅಭ್ಯಾಸ ಶುರುವಾಯಿತು, ಪಾದಗಳು ನನ್ನ ಕಿವಿಯ ಹತ್ತಿರ ಓಡಾಡಿದವು. ಮೊದಲಿನ ಹಾಗೆ ಬಿಡುತ್ತೇನೋ ಇಲ್ಲವೋ ಗೊತ್ತಿಲ್ಲ. ಈ ಕೈ ಈಗ ನನ್ನದು ಎನ್ನುವುದನ್ನು ಒಂದು ಕ್ಷಣವೂ ಮರೆಯಲು ಒಪ್ಪುವುದಿಲ್ಲ. ಅದು ಹಿಂದಿರುಗಿ ಬಂದ ದಾರಿ ಅದಕ್ಕೆ ನೆನಪಿದೆ. ಅದನ್ನು ಬೈಯುವ ಮನಸ್ಸು ನನಗಿಲ್ಲ.

ಬಹಳ ಹೊತ್ತಿನ ಮೇಲೆ ಕಿರುಬೆರಳನ್ನು ಬಿಟ್ಟೆ. ಅದೊಂದನ್ನೇ.

ಇರ್ಫಾನನಿಗೆ ಗೊತ್ತಾಯಿತು.