ಒಂದೇ ಸ್ವರದ ಗಂಡ

ನಮ್ಮನೆಯವರಿಗೆ ಬರೋದು ಒಂದೇ ಸ್ವರ. ತಮಾಷೆಗೆ ಹೇಳ್ತಿಲ್ಲ, ನಿಜಕ್ಕೂ ಒಂದೇ. ವಾಲಗದಲ್ಲಿ ರಾಗ ಊದೋ ಯಜಮಾನರ ಪಕ್ಕ ಒಬ್ಬ ಕೂತ್ಕೊಂಡು, ಶುರುವಿನಿಂದ ಕೊನೇವರೆಗೂ 'ಪೂಂ' ಅಂತ ಒಂದೇ ನಾದ ಊದ್ತಿರ್ತಾನಲ್ಲ, ಫೋಟೋದಲ್ಲಿ ಯಾವಾಗಲೂ ಅರ್ಧ ಕತ್ತರಿಸಿಹೋಗಿರ್ತಾನಲ್ಲ, ಅವನೇ ನನ್ನ ಗಂಡ. ಅದಕ್ಕೆ ಶ್ರುತಿ ಹಿಡಿಯೋದು ಅಂತಾರೆ, ಊದೋ ಆ ಕೊಳವೆಗೂ ಶ್ರುತಿ ಅಂತಲೇ ಹೆಸರು. ಕೆನ್ನೆ ತುಂಬ ಗಾಳಿ ಇಟ್ಕೊಂಡು ಬಾಯಲ್ಲಿ ಬಿಡ್ತಾ, ಅದೇ ಹೊತ್ತಿಗೆ ಮೂಗಲ್ಲಿ ಉಸಿರು ಎಳ್ಕೋಬೇಕು. ನಾದ ಕಡೀಬಾರದು, ಕೂದಲೆಳೆಯಷ್ಟೂ ಏರಬಾರದು, ಇಳೀಬಾರದು. ಅವರಪ್ಪ ಹಿಡಿದ್ರು, ಇವರೂ ಹಿಡಿದ್ರು. ರಾಗ ಊದೋದು ಕಲೀಬಾರದಿತ್ತಾ ಅಂತ ಮದುವೆಯಾದ ಹೊಸದರಲ್ಲಿ ಕೇಳಿದ್ದೆ. "ಎಲ್ರೂ ಪಲ್ಲಕ್ಕಿ ಹತ್ತಿದ್ರೆ ಹೊರೋರು ಯಾರೇ?" ಅಂದ್ರು. ಆವತ್ತಿಂದ ಕೇಳೋದು ಬಿಟ್ಟೆ.

ಈಗ ನೀವೇ ಹೇಳಿ, ಇಂಥವರನ್ನ ಕಟ್ಕೊಂಡು ಪರದೇಶಕ್ಕೆ ಬಂದ್ರೆ ಏನಾಗುತ್ತೆ? ಡೋಲಿನವನು ಒಬ್ಬನೇ ಬಾರಿಸ್ಕೋಬಹುದು. ಹಾಡೋರು ಬಚ್ಚಲಲ್ಲಾದ್ರೂ ಹಾಡ್ಕೋತಾರೆ. ಶ್ರುತಿಯವನು ಒಬ್ಬನೇ ಊದಿದ್ರೆ ಬಂದರಿನಿಂದ ಹಡಗು ಹೊರಟ ಹಾಗಿರುತ್ತೆ, ಅಷ್ಟೆ. ನಾವಿಬ್ಬರೂ ಒಂದು ದೊಡ್ಡ ಹೋಟೆಲಿನ ನೆಲಮಾಳಿಗೆಯ ಲಾಂಡ್ರಿಯಲ್ಲಿ ಕೆಲಸ ಮಾಡ್ತೀವಿ. ಅವರು ಮೆಷಿನ್ ಕಡೆ, ನಾನು ಹಾಸಿಗೆ ಬಟ್ಟೆ ಇಸ್ತ್ರಿ ಮಾಡೋ ರೋಲರ್ ಕಡೆ. ದೊಡ್ಡ ಡ್ರೈಯರ್ ಗುಂಯ್ ಅನ್ನುತ್ತಲ್ಲ, ಅದರ ಮುಂದೆ ನಿಂತು ಇವರೂ ಅದಕ್ಕೆ ಸರಿಯಾಗಿ ಗುಂಯ್ ಅಂತಿದ್ರು. "ಆ ಮೂಲೆ ಡ್ರೈಯರ್ ಸ್ವಲ್ಪ ಇಳಿದಿದೆ ಕಣೇ" ಅಂತ ನನ್ನ ಹತ್ರ ದೂರು ಬೇರೆ. ನಾನೇನು ಮಾಡ್ಲಿ, ಮೆಕ್ಯಾನಿಕ್‌ಗೆ ಹೇಳಿ ಅಂದೆ.

ಊದೋರು ಯಾರಾದ್ರೂ ಸಿಗ್ತಾರಾ ಅಂತ ಇವರು ಹುಡುಕದ ಜಾಗ ಇಲ್ಲ. ಕೊನೆಗೆ ನಮ್ಮ ಭಾಷೆಯವರ ಸಂಘಕ್ಕೂ ಹೋದ್ವಿ. ಅಲ್ಲಿನ ಕಾರ್ಯದರ್ಶಿ ಭಾರಿ ಸಂಗೀತಪ್ರೇಮಿ, ಹಾಗಂತ ಅವರೇ ಹೇಳ್ಕೊಂಡ್ರು. "ನೀವೇನು ನುಡಿಸ್ತೀರಿ?" ಅಂದ್ರು. "ಶ್ರುತಿ ಸಾರ್" ಅಂದ್ರು ಇವರು. ಆ ಮನುಷ್ಯ ಜೇಬಿನಿಂದ ಫೋನ್ ತೆಗೆದು ಎಲ್ಲೋ ಒತ್ತಿದ. ಫೋನು 'ಪೂಂ' ಅಂತು. "ಇದೇ ತಾನೆ?" ಸುತ್ತ ಇದ್ದೋರೆಲ್ಲ ನಕ್ಕರು. ಇವರೂ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯ್ತು.

ಮನೆಗೆ ಬಂದವರೇ ಶ್ರುತಿಯನ್ನ ಬಟ್ಟೆಯಲ್ಲಿ ಸುತ್ತಿ ಬೀರು ಮೇಲೆ ಎತ್ತಿಟ್ಟರು. ಆಮೇಲೆ ಊಟ ಕಮ್ಮಿ ಆಯ್ತು, ಮಾತು ಕಮ್ಮಿ ಆಯ್ತು. ರಜಾ ದಿನ ಗೋಡೆ ಕಡೆ ಮುಖ ಮಾಡಿ ಮಲಗಿಬಿಡೋರು. ಬೈದ್ರೂ ಇಲ್ಲ, ಕೆಣಕಿದ್ರೂ ಇಲ್ಲ, ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ನನಗೆ ನಿಜವಾಗ್ಲೂ ಭಯ ಶುರುವಾಯ್ತು.

ರಾಗ ಊದೋ ಯಜಮಾನ್ರು ಕೊನೆಗೆ ಸಿಕ್ಕಿದ್ದು ಬಸ್ಸಲ್ಲಿ. ನಾನು ತರಕಾರಿ ಚೀಲ ತೊಡೆ ಮೇಲಿಟ್ಕೊಂಡು ಕೂತಿದ್ದೆ. ಎದುರು ಸೀಟಲ್ಲಿ ಒಬ್ಬರು ವಯಸ್ಸಾದವರು, ತಲೆಗೆ ಉಣ್ಣೆ ಟೋಪಿ, ಕೈಯಲ್ಲಿ ಮಡಚಿದ ಛತ್ರಿ. ನಮ್ಮನೆಯವರು ನನ್ನ ಮೊಣಕೈ ತಿವಿದು "ಬೆರಳು ನೋಡೇ" ಅಂದ್ರು. ಬೆರಳು ಛತ್ರಿ ಮೇಲೆ ಓಡಾಡ್ತಿದ್ವು. "ಪಾಪ, ವಯಸ್ಸಾಯ್ತು, ಕೈ ನಡುಗುತ್ತೆ" ಅಂದೆ. "ನಡುಗೋದಲ್ವೇ ಅದು, ಊದ್ತಿದಾರೆ!" ಎದ್ದು ಹೋಗಿ ಅವರ ಪಕ್ಕ ಕೂತ್ರು. ನಮಸ್ಕಾರ ಇಲ್ಲ, ಯಾವೂರು ಅಂತಿಲ್ಲ, ಬಾಯಿ ಮುಚ್ಚಿಕೊಂಡೇ 'ಊಂ' ಅಂತ ಶ್ರುತಿ ಹಿಡಿದುಬಿಟ್ರು. ಆಚೆ ಕೂತಿದ್ದ ಹೆಂಗಸು ಎದ್ದು ಬೇರೆ ಸೀಟಿಗೆ ಹೋದ್ಲು. ಯಜಮಾನರ ಬೆರಳು ನಿಂತವು. ತಿರುಗಿ ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾದ್ವು, ಈ ಸಲ ಸರಾಗವಾಗಿ. ನಾವು ಇಳೀಬೇಕಾದ ಸ್ಟಾಪು ಹೋಯ್ತು, ಅದರಾಚೆದೂ ಹೋಯ್ತು. ಕೊನೇ ಸ್ಟಾಪಲ್ಲಿ ಡ್ರೈವರ್ ಬಂದು ಇಳೀರಿ ಅಂದ ಮೇಲೇ ಇಬ್ಬರೂ ಬಾಯಿಬಿಟ್ಟು ಮಾತಾಡಿದ್ದು.

ಊರಲ್ಲಿ ಸ್ವಂತ ಮೇಳ ಇಟ್ಕೊಂಡಿದ್ದವರು ಅವರು. ಹೆಂಡತಿ ಹೋದ ಮೇಲೆ ಮಗಳು ಇಲ್ಲಿಗೆ ಕರೆಸಿಕೊಂಡಿದ್ಲು. ಮಗಳು ಆಸ್ಪತ್ರೆಯಲ್ಲಿ ನರ್ಸು. ಹೋದ ವರ್ಷ ಮನೆಯಲ್ಲಿ ಒಬ್ಬರೇ ಊದ್ತಾ ಊದ್ತಾ ಉಸಿರು ಸಿಕ್ಕಿಕೊಂಡು ನೆಲಕ್ಕೆ ಬಿದ್ದಿದ್ದರಂತೆ. ಅವತ್ತೇ ಆ ಹುಡುಗಿ ಪೀಪಿಯನ್ನ ಸೂಟ್‌ಕೇಸಿಗೆ ಹಾಕಿ ಬೀಗ ಜಡಿದಿದ್ಲು. ನಮ್ಮನೆಯವರು ಹೋಗಿ ಅವಳ ಕಾಲು ಹಿಡಿಯೋದೊಂದು ಬಾಕಿ. ಕೊನೆಗೆ ಒಪ್ಪಿದ್ಲು. "ವಾರಕ್ಕೆ ಒಂದು ದಿನ ಅಣ್ಣಾ. ಅಪ್ಪನಿಗೆ ಉಸಿರು ಸಾಲ್ತಿಲ್ಲ ಅಂತ ನನಗೆ ಒಂದೇ ಒಂದು ಸಲ ಗೊತ್ತಾಗಲಿ, ಅವತ್ತಿಗೆ ಮುಗೀತು. ಆಮೇಲೆ ನನ್ನ ಬೇಡ್ಕೋಬೇಡಿ."

ಮನೆಯಲ್ಲಿ ಊದಿದ್ರೆ ಪಕ್ಕದವರು ಗೋಡೆ ಗುದ್ದುತಾರೆ. ಹಾಗಾಗಿ ಭಾನುವಾರ ಮಧ್ಯಾಹ್ನ ನಮ್ಮ ಲಾಂಡ್ರಿಯ ಬಟ್ಟೆ ಮಡಚೋ ಕೋಣೆ. ಮೆಷಿನ್ ಸದ್ದಲ್ಲಿ ಯಾರಿಗೂ ಕೇಳಲ್ಲ. ಮಡಚಿದ ಟವೆಲ್ ಗುಡ್ಡೆಗಳ ಮಧ್ಯೆ ಇಬ್ಬರೂ ಕೂತು ಶುರು ಮಾಡಿದ್ರೆ, ಅಯ್ಯೋ, ನಾನು ಇಷ್ಟು ವರ್ಷ ಯಾವ ಒಂದು ಸ್ವರವನ್ನ ಆಡ್ಕೊಂಡು ನಗ್ತಿದ್ನೋ ಅದರ ಮೇಲೆ ಒಂದು ಮನೇನೇ ಎದ್ದು ನಿಲ್ತಿತ್ತು. ಇವರ ಹಸಿವು ವಾಪಸ್ ಬಂತು. ಊಟಕ್ಕೆ ಉಪ್ಪು ಕಮ್ಮಿ ಅಂತ ಜಗಳ ತೆಗೆಯೋ ಮಟ್ಟಕ್ಕೆ ಸರಿಹೋದ್ರು.

ಸುದ್ದಿ ಸಂಘಕ್ಕೆ ಮುಟ್ಟಿತು. ವಾರ್ಷಿಕೋತ್ಸವದಲ್ಲಿ ಊದಿ ಅಂದ್ರು. ಮಗಳು ಮೊದಲನೇ ಸಾಲಲ್ಲಿ ಕೈಕಟ್ಟಿ ಕೂತಿದ್ಲು, ಪರೀಕ್ಷೆ ತಗೊಳ್ಳೋ ಮೇಷ್ಟ್ರ ಹಾಗೆ. ಮೊದಲ ರಾಗ ಚೆನ್ನಾಗೇ ಹೋಯ್ತು. ಎರಡನೇದರಲ್ಲಿ ಇವರ ಶ್ರುತಿ ಇಳೀತು. ಈ ಸ್ವರ ನನಗೆ ಗೊತ್ತಿಲ್ವಾ? ನಿದ್ದೆಯಲ್ಲಿ ಕೇಳಿದ್ರೂ ಹೇಳ್ತೀನಿ. ಮೊದಲು ಕೂದಲೆಳೆಯಷ್ಟು, ಆಮೇಲೆ ಇನ್ನಷ್ಟು. ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ಆಗದ್ದು! ಇವರ ಮುಖ ನೋಡಿದೆ. ಏನೂ ಆಗಿಲ್ಲ ಅನ್ನೋ ಹಾಗೆ ಯಜಮಾನರ ಕತ್ತು ನೋಡ್ತಾ ಊದ್ತಿದಾರೆ.

ಕೆಳಗಿಳಿದ ಮೇಲೆ ಕಾರ್ಯದರ್ಶಿ ಫೋನ್ ಹಿಡ್ಕೊಂಡೇ ಬಂದ್ರು. "ಯಜಮಾನ್ರೇ, ನೀವು ಅದ್ಭುತ. ಆದ್ರೆ ಶ್ರುತಿ ಜಾರಿದೆ. ನಾನು ಫೋನಲ್ಲಿ ಅಳತೆ ನೋಡ್ತಾನೇ ಇದ್ದೆ, ಶುರುವಲ್ಲಿ ಇದ್ದಿದ್ದು ಕೊನೇಲಿ ಇಲ್ಲ. ಮುಂದಿನ ತಿಂಗಳು ನನ್ನ ಮಗಳ ಮದುವೆಗೆ ನೀವೇ ಬರಬೇಕು. ಶ್ರುತಿಗೆ ಕರೆಂಟ್ ಪೆಟ್ಟಿಗೆ ಇಡೋಣ, ತಲೆನೋವಿಲ್ಲ." ಯಜಮಾನ್ರು ಏನೋ ಹೇಳೋಕೆ ಬಾಯಿ ತೆಗೆದ್ರು. ಅವರ ಮಗಳು ಪಕ್ಕದಲ್ಲೇ ನಿಂತಿದ್ಲು. ಅಷ್ಟರಲ್ಲಿ ನಮ್ಮನೆಯವರು "ನನ್ನದೇ ತಪ್ಪು ಸಾರ್, ಅಭ್ಯಾಸ ತಪ್ಪಿಹೋಗಿದೆ" ಅಂದುಬಿಟ್ರು. ಯಜಮಾನ್ರು ತಮ್ಮ ಷೂ ನೋಡ್ಕೊಂಡು ನಿಂತರು.

ಮನೆ ಬಾಗಿಲು ಹಾಕೋವರೆಗೂ ತಡ್ಕೊಂಡೆ. "ರೀ, ನಿಜ ಹೇಳಿ."

"ಅವರ ಉಸಿರು ಇಳೀತು ಕಣೇ. ನಾನು ಮೇಲೇ ನಿಂತಿದ್ರೆ ಅವರು ಕೆಳಗೆ ಜಾರಿದ್ದು ಎಲ್ಲರಿಗೂ ಕೇಳ್ತಿತ್ತು. ಅದಕ್ಕೆ ನಾನೂ ಇಳಿದೆ."

"ಕೋತಿ ತಿಂದು ಮೇಕೆ ಬಾಯಿಗೆ ಒರೆಸ್ತು ಅನ್ನೋದು ಕೇಳಿದ್ದೆ. ತಾನಾಗೇ ಹೋಗಿ ಬಾಯಿ ಒಡ್ಡಿದ ಮೇಕೇನ ಇವತ್ತೇ ನೋಡಿದ್ದು!"

"ನಿಜ ಹೇಳಿದ್ರೆ ಪೀಪಿ ಮತ್ತೆ ಸೂಟ್‌ಕೇಸಿಗೆ. ಆಮೇಲೆ ಅವರಿಗೂ ಯಾರೂ ಇಲ್ಲ, ನನಗೂ ಯಾರೂ ಇಲ್ಲ. ನನ್ನ ಹೆಸರು ಹೋದ್ರೆ ಹೋಗ್ಲಿ ಬಿಡು, ಅಂಥಾ ದೊಡ್ಡ ಹೆಸರೇನಿತ್ತು?"

ನಾನು ಯಜಮಾನರ ಮಗಳಿಗೆ ಫೋನ್ ಮಾಡ್ತೀನಿ ಅಂತ ಕೈಗೆ ತಗೊಂಡೆ, ಇಟ್ಟೆ, ಮತ್ತೆ ತಗೊಂಡೆ. ಹೇಳಿದ್ರೆ ನನ್ನ ಗಂಡ ಮತ್ತೆ ಗೋಡೆ ಕಡೆ ತಿರುಗಿ ಮಲಗ್ತಾರೆ. ಹೇಳದೆ ಇದ್ದು ನಾಳೆ ಆ ಯಜಮಾನರಿಗೆ ಏನಾದ್ರೂ ಆದ್ರೆ? ಅತ್ತ ದರಿ, ಇತ್ತ ಪುಲಿ. ಹೇಳಲಿಲ್ಲ.

ಮದುವೆಗೆ ನಾವು ಬರೀ ಊಟದ ನೆಂಟರು. ಮುಂದೆ ಸಣ್ಣ ವೇದಿಕೆ ಮೇಲೆ ಯಜಮಾನ್ರು, ಅವರ ಪಕ್ಕ ಇವರ ಜಾಗದಲ್ಲಿ ಕುರ್ಚಿ ಮೇಲೆ ಪೆಟ್ಟಿಗೆ, ಕೆಂಪು ದೀಪ ಉರೀತಿದೆ. ಇವರು ಎರಡೂ ಕೈ ಮಂಡಿ ಮಧ್ಯೆ ಸಿಕ್ಕಿಸ್ಕೊಂಡು ಕೂತಿದ್ರು. ಸ್ವಲ್ಪ ಹೊತ್ತು ಎಲ್ಲ ಸರಿ ಇತ್ತು. ಆಮೇಲೆ ಯಜಮಾನರ ಉಸಿರು ಇಳೀತು. ಪೆಟ್ಟಿಗೆ ಇಳೀಲಿಲ್ಲ. ಅದಕ್ಕೇನು, ಕಣ್ಣಾ, ಕರುಳಾ? ಎರಡರ ಮಧ್ಯೆ ಬಿರುಕು ಬಿಟ್ಟು ಕಿವಿ ಚುಚ್ಚೋಕೆ ಶುರುವಾಯ್ತು. ಒಂದು ಮಗು ಕಿವಿ ಮುಚ್ಕೊಳ್ತು. ಅಷ್ಟೇ ಆಗಿದ್ರೆ ಪರವಾಗಿಲ್ಲ, ಯಜಮಾನ್ರು ಪೆಟ್ಟಿಗೆಯ ಮಟ್ಟಕ್ಕೆ ಏರೋಕೆ ಹಟ ಹಿಡಿದ್ರು. ಕತ್ತಿನ ನರ ಹಗ್ಗದ ಹಾಗೆ ಉಬ್ಬಿದ್ವು. ಮುಖ ಕಪ್ಪಿಟ್ಟಿತು. ನಿಲ್ಲಿಸ್ತಿಲ್ಲ. "ರೀ!" ಅಂದೆ. ಪಕ್ಕದ ಕುರ್ಚಿ ಖಾಲಿ.

ಇವರು ಊಟದ ಮೇಜುಗಳ ಮಧ್ಯೆ ನುಗ್ಗಿಕೊಂಡು ಹೋಗಿ, ಪ್ಲಗ್ ಕಿತ್ತು, ಪೆಟ್ಟಿಗೆಯನ್ನ ನೆಲಕ್ಕಿಟ್ಟು ಆ ಕುರ್ಚಿಯಲ್ಲಿ ಕೂತ್ರು. ಕೋಟಿನ ಒಳಗಿಂದ ಶ್ರುತಿ ಬಂತು, ಮದುವೆಗೆ ಅದನ್ನ ಯಾಕೆ ತಂದಿದ್ರೋ ನನಗೆ ಗೊತ್ತಿಲ್ಲ. ಯಜಮಾನ್ರು ಎಲ್ಲಿಗೆ ಇಳಿದಿದ್ರೋ ಅಲ್ಲಿಂದಲೇ ಹಿಡಿದ್ರು. ಯಜಮಾನ್ರು ಪೀಪಿ ಬಾಯಿಂದ ತೆಗೆದು ಉಸಿರು ಎಳ್ಕೊಂಡ್ರು, ಮತ್ತೆ ಎಳ್ಕೊಂಡ್ರು. ಶ್ರುತಿ ನಿಲ್ಲಲಿಲ್ಲ. ಮುಖಕ್ಕೆ ಬಣ್ಣ ಬಂತು. ಆಮೇಲೆ ರಾಗ ಎತ್ತಿ ಮುಗಿಸಿದ್ರು. ಆ ಕಡೆಯಿಂದ ಕಾರ್ಯದರ್ಶಿ, "ಯಾರ್ರೀ ಅದು ಪ್ಲಗ್ ಕಿತ್ತಿದ್ದು? ತಲೆ ಕೆಟ್ಟಿದೆಯಾ?" ಅಂತ ಕೂಗ್ತಿದ್ರು.

ಯಜಮಾನರ ಮಗಳು ಆಗಲೇ ವೇದಿಕೆ ಹತ್ರ ಬಂದು ಅಪ್ಪನ ನಾಡಿ ಹಿಡಿದಿದ್ಲು. ಯಜಮಾನ್ರು ಅವಳ ಮುಖ ನೋಡದೇ ಹೇಳಿದ್ರು, "ತಾಯೀ, ಇಳಿದಿದ್ದು ನಾನು. ಹೋದ ಸಲವೂ ನಾನೇ. ಇವನು ನನ್ನ ಜೊತೆಗೆ ಇಳಿದ."

"ಅಂದ್ರೆ ಇಬ್ರೂ ಸೇರಿ ನನ್ನ ಕಣ್ಣಿಗೆ ಮಣ್ಣೆರಚಿದ್ರಿ." ಪೀಪಿ ಕಿತ್ಕೊಂಡು ಕೈಚೀಲಕ್ಕೆ ಹಾಕಿದ್ಲು. "ನಾನು ಹೇಳಿದ್ದೆ ತಾನೆ ಅಣ್ಣಾ? ಮುಗೀತು."

ನಮ್ಮನೆಯವರು ಜನ್ಮದಲ್ಲಿ ಯಾರಿಗೂ ಎದುರು ಮಾತಾಡಿದವರಲ್ಲ. ಅವತ್ತು ಆಡಿದ್ರು. "ಸುಳ್ಳು ಹೇಳಿದ್ದು ತಪ್ಪು ತಂಗೀ, ಬೈಯಿ. ಆದ್ರೆ ಶ್ರುತಿ ಅಂತ ಒಬ್ಬನ್ನ ಕೂರಿಸೋದೇ ಯಾಕೆ ಹೇಳು? ಊದೋರು ಉಸಿರು ತಗೊಳ್ಳೋಕೆ ಅಂತ. ನಾನು ಹಿಡಿದಿದ್ರೆ ಅವರು ಬೇಕಾದಾಗ ನಿಲ್ಲಿಸಬಹುದು, ಎಷ್ಟು ಹೊತ್ತಾದ್ರೂ. ಒಬ್ಬರೇ ಊದಿದ್ದಕ್ಕೆ ತಾನೆ ಅವರು ಅವತ್ತು ಬಿದ್ದಿದ್ದು? ಇವತ್ತು ಆ ಪೆಟ್ಟಿಗೆ ಜೊತೆಗೂ ಅವರು ಒಬ್ಬರೇ."

ಅವಳು ಅಪ್ಪನ ಕೈ ಹಿಡ್ಕೊಂಡು ಹೊರಟೇಬಿಟ್ಲು. ಮುಗೀತು ಅಂದ್ಕೊಂಡೆ.

ಭಾನುವಾರ ಮಧ್ಯಾಹ್ನ ಲಾಂಡ್ರಿ ಬಾಗಿಲು ತೆರೀತು. ಮುಂದೆ ಮಗಳು, ಹಿಂದೆ ಯಜಮಾನ್ರು. ಸಭೆ, ಸಮಾರಂಭ ಏನೂ ಇಲ್ಲ, ಇಲ್ಲಿ ಮಾತ್ರ, ಅದೂ ತನ್ನ ಕಣ್ಣೆದುರಿಗೆ ಅಂದ್ಲು. ಟವೆಲ್ ಗುಡ್ಡೆ ಮೇಲೆ ಕೂತು, ಆಕ್ಸಿಜನ್ ಅಳೆಯೋ ಕ್ಲಿಪ್ಪನ್ನ ಅಪ್ಪನ ಕಾಲ್ಬೆರಳಿಗೆ ಸಿಕ್ಕಿಸಿದ್ಲು, ಕೈಬೆರಳು ಊದೋಕೆ ಬೇಕಲ್ಲ. ಇಬ್ಬರೂ ಶುರು ಮಾಡಿದ್ರು. ರಾಗದ ಅರ್ಧದಲ್ಲಿ ಯಜಮಾನ್ರು ನಿಲ್ಲಿಸಿ ಬಾಯಿ ತೆರೆದು ಉಸಿರೆಳೆಯೋಕೆ ಹತ್ತಿದ್ರು. ಕ್ಲಿಪ್ಪಿನ ಅಂಕಿ ಇಳೀತಿತ್ತು. ಮಗಳು ಎದ್ದು ನಿಂತ್ಲು. ಇವರು ಮಾತ್ರ ಯಜಮಾನರ ಕತ್ತು ನೋಡ್ತಾ ಹಿಡಿದೇ ಇದ್ರು. ಅಂಕಿ ನಿಂತಿತು. ಮೆಲ್ಲಗೆ ಏರೋಕೆ ಶುರುವಾಯ್ತು. ಯಜಮಾನ್ರು ಪೀಪಿ ಎತ್ತೋಕೆ ಹೋದ್ರು. ಮಗಳು ಅವರ ಮಣಿಕಟ್ಟು ಹಿಡಿದು "ಇನ್ನೂ ಸ್ವಲ್ಪ ತಡಿ ಅಪ್ಪ" ಅಂದ್ಲು. ಆಮೇಲೆ ಇವರ ಕಡೆ ತಿರುಗಿ, ಕಣ್ಣಲ್ಲಿ ನೀರು ತುಂಬ್ಕೊಂಡು, "ಅಣ್ಣಾ, ಬಿಡಬೇಡಿ" ಅಂದ್ಲು.

ಇವರು ಬಿಡಲಿಲ್ಲ.