ನೋವಿಲ್ಲದ ಸುಟ್ಟಗಾಯ

ಕೋವಿಡ್ ಮುಗಿದು ತರಗತಿಗಳು ಮತ್ತೆ ತುಂಬಿಕೊಂಡ ವರ್ಷ ನಾನು ನೆದರ್ಲೆಂಡ್ಸ್‌ನ ಒಂದು ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷದ ರಸಾಯನಶಾಸ್ತ್ರ ಪ್ರಯೋಗಾಲಯದ ಮೇಲ್ವಿಚಾರಕಿಯಾಗಿದ್ದೆ. ಅಲ್ಲೊಂದು ವಿಶೇಷ ಯೋಜನೆಯಿತ್ತು. ಹೈಸ್ಕೂಲಿನ ಕೊನೆಯ ವರ್ಷದ ಕೆಲವು ಮಕ್ಕಳು ವಾರಕ್ಕೊಂದು ಮಧ್ಯಾಹ್ನ ನಮ್ಮಲ್ಲಿಗೆ ಬಂದು, ಪದವಿ ವಿದ್ಯಾರ್ಥಿಗಳ ಜೊತೆಯಲ್ಲೇ ಒಂದು ಕೋರ್ಸ್ ಮುಗಿಸಬಹುದಿತ್ತು. ಪಾಸಾದರೆ ಅದರ ಕ್ರೆಡಿಟ್ ಅವರ ಹೆಸರಿಗೆ ಸೇರುತ್ತಿತ್ತು. ಮುಂದೆ ಇಲ್ಲೇ ಸೇರಿದರೆ ಆ ಕೋರ್ಸನ್ನು ಮತ್ತೆ ಓದಬೇಕಿರಲಿಲ್ಲ.

ಆ ವರ್ಷ ಬಂದವರಲ್ಲಿ ಇಂಚರಾ ಒಬ್ಬಳು. ಹದಿನಾರು ವರ್ಷ. ಮನೆ ವೆಲ್ಡ್‌ಹೋವನ್ ಎಂಬ ಹತ್ತಿರದ ಊರಿನಲ್ಲಿ, ತಂದೆ ತಾಯಿ ಮೈಸೂರಿನವರು. ಎಲ್ಲರೆದುರು ನನ್ನ ಹೆಸರು ಹಿಡಿದು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದವಳು, ನಾನು ದಾವಣಗೆರೆಯವಳೆಂದು ಗೊತ್ತಾದ ಮೇಲೆ ಯಾರೂ ಇಲ್ಲದಾಗ ಆಂಟಿ ಎನ್ನುತ್ತಿದ್ದಳು. ತನಗಿಂತ ದೊಡ್ಡವರ ನಡುವೆ ಅವಳ ಕೈಯೇ ಚುರುಕು. ಅವಳ ಶಾಲೆಯಿಂದ ಆಯ್ಕೆಯಾಗಿದ್ದವಳು ಅವಳೊಬ್ಬಳೇ.

ಒಂದು ಮಧ್ಯಾಹ್ನದ ಪ್ರಯೋಗಕ್ಕೆ ಫಿನಾಲ್ ದ್ರಾವಣ ಬೇಕಿತ್ತು. ಫಿನಾಲ್ ಚರ್ಮವನ್ನು ಸುಡುತ್ತದೆ, ಸುಟ್ಟ ಜಾಗವನ್ನು ಮರಗಟ್ಟಿಸಿಯೂ ಬಿಡುತ್ತದೆ. ಚರ್ಮದ ಮೂಲಕ ರಕ್ತಕ್ಕೆ ಇಳಿದರೆ ಹೃದಯದ ಬಡಿತವೇ ತಪ್ಪಬಹುದು, ಮೂತ್ರಪಿಂಡಗಳೂ ಕೆಡಬಹುದು. ಹಾಗಾಗಿ ಅದರ ಕೆಲಸವೆಲ್ಲ ಫ್ಯೂಮ್ ಹುಡ್ ಎಂಬ, ಹೊಗೆ ಹೀರಿಕೊಳ್ಳುವ ಗಾಜಿನ ಕಪಾಟಿನೊಳಗೇ ನಡೆಯಬೇಕು.

ಆ ಕಪಾಟಿನಿಂದ ಬಹಳ ದೂರದ ತೂಕದ ಮೇಜಿನ ಬಳಿ ಹಾದುಹೋಗುವಾಗ ನನಗೆ ಫಿನಾಲಿನ ವಾಸನೆ ಬಂತು. ಹಳೆಯ ಆಸ್ಪತ್ರೆಗಳಲ್ಲಿ ನೆಲ ಒರೆಸಿದಾಗ ಬರುತ್ತಿತ್ತಲ್ಲ, ಅಂಥ ವಾಸನೆ. ಅದು ಅಲ್ಲಿ ಬರಬಾರದು. ಮೇಜಿನೆದುರು ಇಂಚರಾ ಒಬ್ಬಳೇ ನಿಂತಿದ್ದಳು. ಒಂದು ಕೈಯಿಂದ ಬಿಳಿ ಕೋಟನ್ನು ತೊಡೆಗೆ ಒತ್ತಿ ಹಿಡಿದಿದ್ದಳು. ಏನಾಯಿತೆಂದು ಕೇಳಿದೆ.

“ಏನಿಲ್ಲ ಆಂಟಿ, ಸ್ವಲ್ಪ ಚೆಲ್ತು. ನೀರಲ್ಲಿ ಒರೆಸ್ಕೊಂಡೆ. ಮೊದ್ಲು ಉರೀತು, ಈಗ ನೋವೇ ಇಲ್ಲ.”

ನೋವಿಲ್ಲವೆಂದರೆ ಚರ್ಮ ಆಗಲೇ ಮರಗಟ್ಟಿದೆ ಎಂದರ್ಥ. ಸಹೋದ್ಯೋಗಿಗೆ 112ಕ್ಕೆ ಕರೆ ಮಾಡಲು ಹೇಳಿ, ಅವಳನ್ನು ಪಕ್ಕದ ಕೋಣೆಗೆ ಕರೆದೊಯ್ದು ಜೀನ್ಸನ್ನು ಕತ್ತರಿಸಿ ತೆಗೆದೆ. ತೊಡೆಯ ಮೇಲೆ ಅಂಗೈಗಿಂತ ಅಗಲವಾಗಿ ಚರ್ಮ ಬೆಳ್ಳಗೆ, ನೆನೆದ ಕಾಗದದಂತೆ ಸುಕ್ಕಾಗಿತ್ತು. ಮುಟ್ಟಿದರೂ ಅವಳಿಗೆ ಗೊತ್ತೇ ಆಗಲಿಲ್ಲ. ಫಿನಾಲನ್ನು ಚರ್ಮದಿಂದ ಎಳೆದು ತೆಗೆಯಲೆಂದೇ ನಾವು ಒಂದು ದ್ರವವನ್ನು ಪ್ರಥಮ ಚಿಕಿತ್ಸೆಯ ಕಪಾಟಿನಲ್ಲಿ ಇಟ್ಟಿರುತ್ತೇವೆ. ಅದರಲ್ಲಿ ಬಟ್ಟೆ ಅದ್ದಿ ಒರೆಸತೊಡಗಿದೆ. ಒರೆಸಿದಷ್ಟೂ ವಾಸನೆ ಬರುತ್ತಲೇ ಇತ್ತು. ಅವಳ ಹಣೆಯಲ್ಲಿ ಬೆವರೊಡೆದಿತ್ತು, ತುಟಿ ಬಿಳಿಚಿತ್ತು. ಅವಳು ಅಳುತ್ತಿದ್ದದ್ದು ಮಾತ್ರ ಬೇರೆಯದಕ್ಕೆ.

“ರಿಪೋರ್ಟ್ ಮಾಡ್ಬೇಡಿ ಆಂಟಿ, ಪ್ಲೀಸ್. ಕ್ರೆಡಿಟ್ ಹೋಗತ್ತೆ.”

ಮಾತಾಡುತ್ತಲೇ ಇರು ಎಂದೆ. ತನ್ನ ಶಾಲೆಯ ವಿಷಯ ಏನೋ ಹೇಳುತ್ತಿದ್ದವಳು ಅರ್ಧಕ್ಕೇ ನಿಲ್ಲಿಸಿ ನನ್ನ ಭುಜಕ್ಕೆ ಒರಗಿದಳು. ಮಣಿಕಟ್ಟು ಹಿಡಿದು ನೋಡಿದೆ. ನಾಡಿ ಓಡುತ್ತಿತ್ತು, ನಡುನಡುವೆ ಒಂದೊಂದು ಬಡಿತ ತಪ್ಪುತ್ತಿತ್ತು. ಬೇರೆಯವರ ಮಗು ನನ್ನ ಕೈಯಲ್ಲೇ ಹೋಗುತ್ತದೆ ಎಂದು ಆಗ ನಿಜವಾಗಿ ಅನಿಸಿತು. ಒರೆಸುವುದನ್ನು ಮಾತ್ರ ನಿಲ್ಲಿಸಲಿಲ್ಲ, ಆಂಬುಲೆನ್ಸಿನವರು ಬಂದು ನನ್ನನ್ನು ಪಕ್ಕಕ್ಕೆ ಸರಿಸುವವರೆಗೂ.

ಆಸ್ಪತ್ರೆಗೆ ಅವಳ ತಾಯಿ ಸೌಮ್ಯಾ ಓಡೋಡಿ ಬಂದರು. ಒಳಗೆ ಮಗಳ ಎದೆಗೆ ತಂತಿಗಳನ್ನು ಅಂಟಿಸಿದ್ದರು. ನಡೆದದ್ದನ್ನೆಲ್ಲ ಹೇಳಿದೆ.

“ನೋವಿಲ್ಲ ಅಂದ್ಳಂತಲ್ಲ, ಅದು ಒಳ್ಳೇದೇ ಅಲ್ವಾ ಮೇಡಂ?” ಎಂದು ಕೇಳಿದರು.

ಅವರ ಕೈ ಹಿಡಿದು ಕೂತೆ. ಸಂಜೆಯ ಹೊತ್ತಿಗೆ ಬಡಿತ ಸರಿಯಾಯಿತು, ಮೂತ್ರಪಿಂಡಗಳಿಗೂ ಏಟು ಬಿದ್ದಿಲ್ಲ ಎಂದು ವೈದ್ಯರು ತಿಳಿಸಿದರು. ಸೌಮ್ಯಾ ಆಗ ಅತ್ತರು. ನಾನೂ ಅತ್ತೆ.

ಗಾಯ ಮಾಯಲು ವಾರಗಳೇ ಹಿಡಿದವು. ಇಂಚರಾ ಮತ್ತೆ ಬಂದು ಉಳಿದ ಪ್ರಯೋಗಗಳನ್ನು ಮುಗಿಸಿದಳು, ಕ್ರೆಡಿಟ್ಟೂ ಸಿಕ್ಕಿತು. ಚೆಲ್ಲಿದರೆ ಕ್ರೆಡಿಟ್ ಹೋಗುತ್ತದೆಂದು ನಿನಗೆ ಹೇಳಿದವರು ಯಾರು ಎಂದು ಒಂದು ದಿನ ಕೇಳಿದೆ. ಯಾರೂ ಹೇಳಿರಲಿಲ್ಲ. ಒಂದು ತಪ್ಪು ಕಂಡರೂ ಇವಳಿನ್ನೂ ಚಿಕ್ಕವಳು, ಶಾಲೆಗೇ ಹೋಗಲಿ ಎನ್ನುತ್ತಾರೆಂದು ಅವಳೇ ಅಂದುಕೊಂಡಿದ್ದಳು.

ಜಾಣ ಮಕ್ಕಳನ್ನು ವಯಸ್ಸಿಗೆ ಮೊದಲೇ ಪ್ರಯೋಗಾಲಯಕ್ಕೆ ಕರೆತರುವುದು ತಪ್ಪೆಂದು ನನಗೆ ಇಂದಿಗೂ ಅನಿಸುವುದಿಲ್ಲ. ಆದರೆ ರಸಾಯನಶಾಸ್ತ್ರ ಬೇಗ ಬಂದ ಮಾತ್ರಕ್ಕೆ, ತಪ್ಪಾಯಿತು ಬನ್ನಿ ಎಂದು ದೊಡ್ಡವರನ್ನು ಕರೆಯುವ ಧೈರ್ಯವೂ ಜೊತೆಗೇ ಬಂದಿರುವುದಿಲ್ಲ. ಅದನ್ನು ನಾವೇ ಕಲಿಸಬೇಕು, ಬಾಟಲಿಯ ಮುಚ್ಚಳ ತೆಗೆಯುವುದನ್ನು ಕಲಿಸುವುದಕ್ಕೂ ಮೊದಲೇ.